ಪಿಸುಗುಟ್ಟಲು ಬಾರದ ಲಕ್ಷ್ಮವ್ವ

ಲಕ್ಷ್ಮವ್ವನಿಗೆ ಪಿಸುಮಾತು ಬಾರದು. ಬುದ್ಧಿ ಬಂದಾಗಿನಿಂದ ಬನಹಟ್ಟಿಯ ಮಗ್ಗಗಳ ಖಟಖಟ ಸದ್ದಿನ ಮೇಲೆ ದನಿಯೇರಿಸಿ ಮದುವೆ, ಬಾಣಂತನ, ಜಗಳ, ಸಂಧಾನಗಳನ್ನೆಲ್ಲ ಪೂರೈಸಿದ ಈಕೆ ಸತ್ತವರ ಮನೆಯಲ್ಲಿ ಸಾಂತ್ವನ ಹೇಳಿದರೂ ಪಕ್ಕದ ಓಣಿ ಕಿವಿ ನಿಮಿರಿಸುತ್ತಿತ್ತು. "ಖರೆ ಹೇಳ್ತೇನಿ" ಎಂಬ ಪೀಠಿಕೆಯಿಲ್ಲದೆ ಮಾತು ಹೊರಡದು; ಮಾತಾಡುವಷ್ಟು ಹೊತ್ತೂ ಹೆಬ್ಬೆರಳು ತೋರುಬೆರಳು ಕಡಿದ ಎಳೆಯನ್ನು ಗಂಟುಹಾಕುವಂತೆ ಹೊಸೆಯುತ್ತಲೇ ಇರುತ್ತವೆ.

ಇಂಥ ಕಂಠದವಳ ಮನೆಗೇ, ಊರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ಆಡುವ ಸಂಗತಿ ಬಂದು ಬಡಿಯಿತು. ತಾಯಿಯಿಲ್ಲದ ಒಂಬತ್ತು ವರ್ಷದ ಮೊಮ್ಮಗಳ ಮೇಲೆ ಅತ್ಯಾಚಾರವಾಯಿತು. ಮಾಡಿದವನು ಈಕೆಯೂ ಗಂಡ ಮಲಕಾಜಪ್ಪನೂ ದುಡಿಯುತ್ತಿದ್ದ ಮಗ್ಗದ ಶೆಡ್ಡಿನ ಮಾಲೀಕನ ತಮ್ಮ. ದೂರು ದಾಖಲಾಯಿತು, ಅವನು ಜೈಲಿಗೂ ಹೋದ.

ಆಮೇಲೆ ಒಂದು ಸಂಜೆ ಓಣಿಯ ಹಿರಿಯರು ಮಾಲೀಕನ ಹೆಂಡತಿಯನ್ನು ಮುಂದೆ ಮಾಡಿಕೊಂಡು ಉಡಿ ತುಂಬಲು ಬಂದರು: ಅಕ್ಕಿ, ಕೊಬ್ಬರಿ, ಅರಿಷಿಣ, ಕುಪ್ಪಸದ ಖಣ. ಉಡಿ ಬಂದರೆ ಮುತ್ತೈದೆ ಬೇಡವೆನ್ನಬಾರದು, ತುಂಬಿಸಿಕೊಂಡರೆ ಜಗಳ ಮುಗಿಯಿತು. ಇದು ನಮ್ಮ ಕಡೆಯ ಪದ್ಧತಿ. ಲಕ್ಷ್ಮವ್ವ ಸೆರಗೊಡ್ಡಿಬಿಟ್ಟಳು! ಕೂಸಿಗೆ ಶಾಲೆಯಲ್ಲಿ ಪಾಠ ಹೇಳುವ ನನಗೆ ಸಿಟ್ಟು ನೆತ್ತಿಗೇರಿತು.

"ಏನ ಮಾಡಿದಿ ಯವ್ವಾ?"

"ಒಲ್ಲೆ ಅನ್ನಾಕ ಬಾಯಿ ಬರಲಿಲ್ರಿ ಮಾಸ್ತರ."

ಮಲಕಾಜಪ್ಪನಿಗೆ ಅಷ್ಟೇ ಸಾಕಾಯಿತು. "ಆತು, ಮುಗೀತು. ಕೋರ್ಟಿನ್ಯಾಗ ನನಗೇನೂ ಗೊತ್ತಿಲ್ಲ ಅಂದಬಿಡು. ಹೊಟ್ಟಿಪಾಡು ನೋಡಬೇಕಲ್ಲ."

ವಿಚಾರಣೆಯ ದಿನ ನಾನೂ ಜೊತೆಗೆ ಹೊರಟೆ. ಬಸ್ಸು ಮುಧೋಳ, ಲೋಕಾಪುರ ದಾಟಿ ಬಾಗಲಕೋಟೆ ಮುಟ್ಟುವವರೆಗೂ ಆಕೆ ಕೂಸಿನ ಕೈ ಬಿಡಲಿಲ್ಲ. ಸಾಕ್ಷಿಯಾದ ಆಕೆಯೇ ತಿರುಗಿಬಿದ್ದರೆ ಕೂಸಿನ ಮಾತಿಗೆ ಬೆಂಬಲ ಯಾರದು? ತಿರುಗದೆ ಆ ಗಂಟಲಲ್ಲಿ ಕೂಸಿನ ಹೆಸರು ಹೇಳಿಬಿಟ್ಟರೆ? ಹೆಸರು ಹೊರಬೀಳಬಾರದೆಂದೇ ಅಲ್ಲವೇ ಕಾನೂನು ಇಂಥ ವಿಚಾರಣೆಗೆ ಬಾಗಿಲು ಹಾಕಿಸುವುದು!

ಆರೋಪಿ ಕಣ್ಣಿಗೆ ಬೀಳದಂತೆ ಪರದೆ ಕಟ್ಟಿ ಮೊದಲು ಕೂಸಿನ ಹೇಳಿಕೆ ಪಡೆದರು. ನಂತರ ಲಕ್ಷ್ಮವ್ವ ಒಳಗೆ ಹೋದಳು. ಮುಚ್ಚಿದ ಬಾಗಿಲು ಆಕೆಯ ಕಂಠಕ್ಕೆ ಯಾವ ಲೆಕ್ಕ? ವರಾಂಡದ ತುಂಬ ಮಾಲೀಕನ ಬಳಗ, ಬೀಳಗಿ, ಜಮಖಂಡಿಗಳಿಂದ ತಮ್ಮ ತಮ್ಮ ವ್ಯಾಜ್ಯಕ್ಕೆ ಬಂದ ಜನ. ಎಲ್ಲರ ಕಿವಿಯೂ ಅತ್ತಲೇ. ವಕೀಲರ ಪ್ರಶ್ನೆ ಕೇಳಿಸುತ್ತಿರಲಿಲ್ಲ, ಈಕೆಯ ಉತ್ತರ ಕಿಟಕಿ ನಡುಗಿಸುತ್ತಿತ್ತು. ಉಡಿ ತುಂಬಿಸಿಕೊಂಡು ರಾಜಿಯಾದಿರಲ್ಲ ಎಂದು ಆರೋಪಿಯ ವಕೀಲರು ಕೇಳಿದರೆಂದು ಸರ್ಕಾರಿ ವಕೀಲೆ ಪ್ರತಿಮಾ ಆಮೇಲೆ ತಿಳಿಸಿದರು.

"ಖರೆ ಹೇಳ್ತೇನ್ರಿ ಸಾಹೇಬ್ರ, ತುಂಬಿಸ್ಕೊಂಡೇನಿ. ಬಾಗಲಕ್ಕ ಬಂದ ಉಡಿ ಹೆಂಗ ಒಲ್ಲೆ ಅನ್ನಲಿ? ಆದ್ರ ಒಡ್ಡಿದ್ದು ನನ್ನ ಸೆರಗರಿ. ನಮ್ಮ ಕೂಸು ಲಂಗಾ ಹಾಕ್ಕೋತೈತಿ. ಅದಕ್ಕ ಇನ್ನೂ ಸೆರಗಽ ಇಲ್ರಿ!"

ದೂರಿನ ಒಂದು ಮಾತಿನಿಂದಲೂ ಆಕೆ ಹಿಂದೆ ಸರಿಯಲಿಲ್ಲ. ಎಷ್ಟು ಕೆದಕಿದರೂ ನಮ್ಮ ಕೂಸು, ನಮ್ಮ ಕೂಸು. ದಿನ ಬೆಳಗಾದರೆ ಓಣಿಯುದ್ದಕ್ಕೂ ಕೂಗುತ್ತಿದ್ದ ಆ ಹೆಸರು ಅಂದು ಒಮ್ಮೆಯೂ ಆಕೆಯ ಬಾಯಿಂದ ಹೊರಬರಲಿಲ್ಲ.

ಮರುದಿನ ಶೆಡ್ಡಿನ ಬಾಗಿಲು ಗಂಡಹೆಂಡಿರಿಬ್ಬರಿಗೂ ಮುಚ್ಚಿತು. ರಬಕವಿಯಲ್ಲಿ ಬೇರೆ ಕೆಲಸ ಸಿಗುವವರೆಗೆ ಮಲಕಾಜಪ್ಪ ಆಕೆಯೊಡನೆ ಮಾತು ಬಿಟ್ಟಿದ್ದ. ಕೊನೆಗೆ ತೀರ್ಪು ಬಂತು: ಇಂಥ ಅಪರಾಧವನ್ನು ಹಿರಿಯರ ರಾಜಿ ಮುಚ್ಚಿಹಾಕಲಾರದು, ಅಪರಾಧಿಗೆ ಇಪ್ಪತ್ತು ವರ್ಷ ಕಠಿಣ ಸಜೆ.

ಅಂದು ಮನೆಗೆ ಮರಳಿದಾಗ ಕೂಸು ಹೊಸ್ತಿಲಲ್ಲಿ ಕೂತಿತ್ತು. "ಏನಾತು ಆಯಿ?" ಲಕ್ಷ್ಮವ್ವ ಬಗ್ಗಿ ಅದರ ಕಿವಿಯಲ್ಲಿ ಏನೋ ಹೇಳಿದಳು. ಬೆರಳುಗಳು ಹೊಸೆಯುವುದನ್ನು ಬಿಟ್ಟು ಕೂಸಿನ ತಲೆಯ ಮೇಲೆ ನಿಂತಿದ್ದವು. ಪಕ್ಕದಲ್ಲೇ ಇದ್ದ ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಕೂಸು ಅಜ್ಜಿಯ ಮುಖ ನೋಡಿ, "ಖರೆ?" ಅಂದಿತು.

ಶಿಕ್ಷೆ ಬರೆಯುವುದು ನ್ಯಾಯಾಧೀಶರ ಕೆಲಸ. ಆದರೆ ಅಲ್ಲಿಯವರೆಗೆ ಕೂಸಿನ ಕೈಹಿಡಿದು ನಡೆಯುವವರು ಲಕ್ಷ್ಮವ್ವನಂಥ ಹೆಂಗಸರು. ಅಂಜುತ್ತಾರೆ, ತಪ್ಪುತ್ತಾರೆ, ಸೆರಗನ್ನೂ ಒಡ್ಡಿಬಿಡುತ್ತಾರೆ, ಕೂಸಿನ ಪಾಲಿನದನ್ನು ಮಾತ್ರ ಯಾರಿಗೂ ಬಿಟ್ಟುಕೊಡುವುದಿಲ್ಲ. ಲಕ್ಷ್ಮವ್ವ ಎಂಬುದು ಕೂಡ ನಾನಿಟ್ಟ ಹೆಸರೇ. ಕೂಸಿನ ಹೆಸರು ನನಗೆ ಗೊತ್ತು. ದಯವಿಟ್ಟು ಯಾರೂ ಕೇಳಬೇಡಿ.