ಚೌಕದೊಳಗಿನ ಹೆಂಡತಿ

ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಎಂದು ಆರ್ನಿ ಲಾಹ್ಟಿಗೆ ಊರಲ್ಲೆಲ್ಲ ಹೆಸರಿತ್ತು. ಅದು ಗೊತ್ತಿದ್ದೇ ರೋಂಡಾ ಅವನನ್ನು ಕಟ್ಟಿಕೊಂಡಿದ್ದಳು. ನಲವತ್ತಾರಕ್ಕೆ ಅವಳದು ಮೊದಲ ಮದುವೆ. ಶಾಲೆಯ ಅಡುಗೆಮನೆಯಲ್ಲಿ ದಿನಕ್ಕೆ ಮುನ್ನೂರು ಮಕ್ಕಳಿಗೆ ಬಡಿಸುವವಳಿಗೆ ಗಂಡನ ಜಿಪುಣತನ ಒಂದು ಲೆಕ್ಕವೇ? ನಿನ್ನೆಯ ಕಾಫಿ ಪುಡಿಯನ್ನೇ ಇವತ್ತೂ ಕುದಿಸಿಕೊಳ್ಳಲಿ. ಅವಳಿಗೆ ಸಹಿಸಲಾಗದ್ದು ಒಂದೇ, ಡೋರೀನ್.

ಡೋರೀನ್ ಅವನ ಮೊದಲ ಹೆಂಡತಿ. ವಿಚ್ಛೇದನ ತಗೊಂಡು ಡುಲುತ್‌ಗೆ ಹೋಗಿ ಒಂಬತ್ತು ವರ್ಷವಾಗಿತ್ತು. ಹೋದರೇನು, ಊರು ಬಿಟ್ಟ ಸವತಿಯೂ ಸವತಿಯೇ. ಕಿಟಕಿಯ ಪರದೆ ಅವಳು ಹೊಲಿದದ್ದು, ಸೌನಾ ಎಂಬ ಹಬೆಸ್ನಾನದ ಕೋಣೆಯ ಬೆಂಚಿಗೆ ಬಣ್ಣ ಆರಿಸಿದವಳು ಅವಳು. ಅಂಚೆಯವನಂತೂ ಈಗಲೂ "ಡೋರೀನ್ ಮನೆ" ಎಂದೇ ಹೇಳುತ್ತಿದ್ದ. ಕೇಳಿದಾಗೆಲ್ಲ ರೋಂಡಾಳ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು.

ಅಕ್ಟೋಬರಿನಲ್ಲಿ ಅವಳು ಶಾಲೆಯ ಕಚೇರಿಗೆ ಹೋಗಿ, ಮದುವೆಯಾಯಿತು, ಸಂಬಳದಲ್ಲಿ ತೆರಿಗೆ ಹಿಡಿಯುವ ಫಾರಂ ಬದಲಿಸಬೇಕು ಎಂದಳು. ಅಲ್ಲಿನ ಬೆವ್ ಕನ್ನಡಕ ಇಳಿಸಿ, "ಕೇಳಿಲ್ಲಿ ರೋಂಡಾ, ನೀನೊಬ್ಳೇ ಬರ್ಕೊಟ್ರೆ ಆಗಲ್ಲ. ಇಬ್ರೂ ದುಡಿಯೋರು, ಇಬ್ರೂ ಒಟ್ಟಿಗೆ ಕೂತು ಬರೀರಿ. ಇಲ್ದಿದ್ರೆ ಏಪ್ರಿಲ್‌ನಲ್ಲಿ ಬಾಕಿ ತೆರಿಗೆ ಕಟ್ಟೋವಾಗ ಒಟ್ಟಿಗೆ ಕೂತು ಅಳ್ತೀರಿ" ಎಂದಳು.

ಆರ್ನಿ ಕೌಂಟಿಯ ರಸ್ತೆ ಇಲಾಖೆಯಲ್ಲಿ ಹಿಮ ಸರಿಸುವ ಲಾರಿ ಓಡಿಸುತ್ತಿದ್ದ. ನಿನ್ನ ಫಾರಂ ತಾ ಎಂದರೆ ಎರಡು ಶುಕ್ರವಾರ ಮರೆತ. ಮೂರನೆಯ ಶುಕ್ರವಾರ ಲಕೋಟೆಯೊಂದನ್ನು ತಂದು, ಮುಟ್ಟಿದರೆ ಸುಡುತ್ತದೇನೋ ಎಂಬಂತೆ ರೆಫ್ರಿಜರೇಟರಿನ ಮೇಲಿಟ್ಟ.

ಮರುದಿನ ಬೆಳಿಗ್ಗೆ ಮಾಂಸದ ಹೂರಣ ತುಂಬುವ ಪ್ಯಾಸ್ಟಿ ಕಡುಬಿಗೆ ಹಿಟ್ಟು ನಾದಿಟ್ಟು ರೋಂಡಾ ಲಕೋಟೆ ಒಡೆದಳು. ಖಾಲಿ ಫಾರಮಿನ ಜೊತೆಗೆ ಹಳೆಯದರ ನಕಲೂ ಇತ್ತು. ಅದರಲ್ಲಿ "ವಿವಾಹಿತ" ಎಂಬುದರ ಮುಂದೆ ಗುರುತು, ಕೆಳಗೆ ಹನ್ನೆರಡು ವರ್ಷದ ಹಿಂದಿನ ತಾರೀಖು.

"ಇದಾದ್ಮೇಲೆ ಇನ್ನೊಂದು ಕೊಟ್ಟಿಲ್ವಾ?"

"ಇಲ್ಲ."

"ಅವಳು ಬಿಟ್ಟು ಹೋದ್ಮೇಲೂ?"

ಆರ್ನಿ ಕಾಫಿ ಲೋಟದೊಳಗೆ ನೋಡಿದ.

"ಹಂಗಾದ್ರೆ ಹೆಂಡ್ತಿ ಇರೋನು ಅಂತ ತೆರಿಗೆ ಕಮ್ಮಿ ಹಿಡೀತಿದ್ರು. ಉಳಿದದ್ದು?"

"ಏಪ್ರಿಲ್‌ನಲ್ಲಿ ಕಟ್ತಿದ್ದೆ. ಸಾವಿರದ ಮುನ್ನೂರು, ಹೆಚ್ಚುಕಮ್ಮಿ."

"ಪ್ರತಿ ವರ್ಷ?"

"ಪ್ರತಿ ವರ್ಷ."

ರೋಂಡಾಗೆ ಮೈಯೆಲ್ಲ ಉರಿದುಹೋಯಿತು. ಕಾಫಿ ಪುಡಿಯನ್ನು ಎರಡು ಸಲ ಕುದಿಸುವವನು! ತಮ್ಮ ಮದುವೆಗೆ ಕೇಕ್ ಯಾಕೆ, ಮನೆಯಲ್ಲೇ ಮಾಡಿದ ರೊಟ್ಟಿ ಸಾಲದೇ ಎಂದವನು! ಆ ಹೆಂಗಸು ಬಿಟ್ಟುಹೋದ ಮೇಲೂ ಅವಳ ಗಂಡನಾಗಿರಲು ಒಂಬತ್ತು ವರ್ಷ ಕಂದಾಯ ಕಟ್ಟಿದ್ದಾನೆ.

"ನಾಚ್ಕೆ ಆಗ್ಲಿಲ್ವೇನೋ ನಿಂಗೆ? ಸರ್ಕಾರಕ್ಕೂ ಅವಳೇ ಹೆಂಡ್ತಿ ಅಂತ ಹೇಳ್ಕೊಂಡಿದ್ಯಲ್ಲ!"

"ಹಂಗಲ್ಲ ಮಾರಾಯ್ತಿ. ಹೊಸ ಫಾರಂ ಕೊಡೋದು ನಮ್ಮ ಆಫೀಸಿನ ಮಾರ್ಲೀನ್. ಕೌಂಟರಿನಲ್ಲಿ ಕೇಳಿದ್ರೆ ಹೆಂಡ್ತಿ ಬಿಟ್ಟುಹೋದ್ಲು ಅಂತ ಮಧ್ಯಾಹ್ನದೊಳಗೆ ಗ್ಯಾರೇಜಿಗೆಲ್ಲ ಗೊತ್ತು. ಒಂದ್ಸಲ ತಂದಿದ್ದೆ. 'ಒಂಟಿ' ಅನ್ನೋದ್ರ ಮುಂದೆ ಗುರುತು ಹಾಕೋಕೆ ಕೈ ಬರ್ಲಿಲ್ಲ. ಒಲೆಗೆ ಹಾಕ್ದೆ."

"ಅವಳ ಮೇಲೆ ಅಷ್ಟು ಪ್ರೀತಿ!"

"ಪ್ರೀತಿಯೋ, ಮರ್ಯಾದೆಯೋ, ನಂಗೇ ಗೊತ್ತಿಲ್ಲ."

ಸುಳ್ಳು ಹೇಳಿದ್ದರೆ ಅವಳು ಜಗಳ ಮುಂದುವರಿಸುತ್ತಿದ್ದಳು. ನಿಜ ಹೇಳಿಬಿಟ್ಟಿದ್ದರಿಂದ ಖಾಲಿ ಫಾರಮಿನ ಹಾಳೆಯನ್ನು ಎಳೆದುಕೊಂಡು ತನ್ನ ಹೆಸರು ಬರೆಯುವ ಜಾಗ ಹುಡುಕತೊಡಗಿದಳು. ಮೇಲಿಂದ ಕೆಳಗೆ, ಹಿಂದೆ ಮುಂದೆ ಎಲ್ಲ ನೋಡಿದಳು. ಅವನ ಹೆಸರಿಗೆ, ವಿಳಾಸಕ್ಕೆ ಜಾಗವಿತ್ತು. ಹೆಂಡತಿಯ ಹೆಸರಿಗೆ ಒಂದು ಗೆರೆಯೂ ಇರಲಿಲ್ಲ. ವಿವಾಹಿತ ಎಂದು ಗುರುತು ಹಾಕಿದರೆ ಮುಗಿಯಿತು; ಆ ಹೆಂಡತಿ ಯಾರಾದರೂ ಆಗಬಹುದು. ಅಂಚೆಯವನಂತೆ ಸರ್ಕಾರವೂ ಇದನ್ನು ಡೋರೀನ್ ಮನೆ ಎಂದೇ ತಿಳಿಯಬಹುದು. ರೋಂಡಾಳ ಕಣ್ಣು ತುಂಬಿತು.

"ಇದ್ರಲ್ಲಿ ನಾನು ಎಲ್ಲೂ ಇಲ್ಲ ಕಣೋ."

ಆರ್ನಿ ಹಾಳೆಯನ್ನು ತನ್ನತ್ತ ತಿರುಗಿಸಿಕೊಂಡು, ಬೆರಳಿಟ್ಟು ಒಂದೊಂದೇ ಸಾಲು ಓದಿದ. ಒಂದು ಕಡೆ ಬೆರಳು ನಿಂತಿತು. ಗಂಡ ಹೆಂಡತಿ ಇಬ್ಬರೂ ಕೆಲಸದಲ್ಲಿದ್ದರೆ ಇಲ್ಲಿ ಗುರುತು ಹಾಕಿ ಎಂದಿತ್ತು, ಪಕ್ಕದಲ್ಲಿ ಅವರೆಕಾಳಿನಷ್ಟು ಚೌಕ.

"ಡೋರೀನ್ ಒಂದು ದಿನಾನೂ ಕೆಲ್ಸಕ್ಕೆ ಹೋದೋಳಲ್ಲ. ಇದು ನೀನೇ."

ರೋಂಡಾ ಮೂಗು ಒರೆಸಿಕೊಂಡಳು. "ಅದಕ್ಕೆ ಗುರುತು ಹಾಕಿದ್ರೆ ತೆರಿಗೆ ಜಾಸ್ತಿ ಹಿಡೀತಾರೆ, ನಿನ್ನ ಸಂಬಳ ಕಮ್ಮಿ ಬರುತ್ತೆ."

"ಎಷ್ಟು?"

"ಎರಡು ವಾರಕ್ಕೆ ಅರವತ್ತೆರಡು ಡಾಲರ್. ಬೆವ್ ಹೇಳಿದ್ಲು."

ಆರ್ನಿಯ ಮುಖ ಸಣ್ಣಗಾಯಿತು. ಪೆನ್ನನ್ನು ಕೆಳಗಿಟ್ಟ. ಕಿಟಕಿಯಾಚೆ ನೋಡಿದ, ತಣ್ಣಗಾದ ಕಾಫಿಯನ್ನು ಚೆಲ್ಲಲು ಮನಸ್ಸಿಲ್ಲದೆ ಕುಡಿದು ಮುಗಿಸಿದ. ರೋಂಡಾ ಆ ಪೆನ್ನನ್ನೇ ನೋಡುತ್ತಿದ್ದಳು. ಕಡೆಗೆ ಅವನು ಅದನ್ನು ತೆಗೆದುಕೊಂಡು ಚೌಕದಲ್ಲಿ ಗುರುತು ಹಾಕಿದ. ಮಸುಕಾಯಿತೆನಿಸಿ ಅದರ ಮೇಲೇ ಇನ್ನೊಮ್ಮೆ ಒತ್ತಿ ತಿದ್ದಿದ.

ರೋಂಡಾ ಪ್ಯಾಸ್ಟಿಯ ಅಂಚು ಮಡಚುತ್ತ ಮನಸ್ಸಿನಲ್ಲೇ ಗುಣಿಸಿದಳು. ವರ್ಷಕ್ಕೆ ಸಾವಿರದ ಆರುನೂರ ಹನ್ನೆರಡು. ಡೋರೀನಳಿಗಾಗಿ ಕಟ್ಟಿದ್ದಕ್ಕಿಂತ ಮುನ್ನೂರು ಜಾಸ್ತಿ. ಈ ದುಡ್ಡು ಎಲ್ಲಿಗೂ ಹೋಗುವುದಿಲ್ಲ, ಏಪ್ರಿಲ್‌ನಲ್ಲಿ ಕಟ್ಟಬೇಕಾದದ್ದನ್ನೇ ಮುಂಚಿತವಾಗಿ ಹಿಡಿಯುತ್ತಾರೆ ಅಷ್ಟೇ, ಎಂದು ಬೆವ್ ಬಿಡಿಸಿ ಹೇಳಿದ್ದಳು. ಅದನ್ನು ಮಾತ್ರ ಅವಳು ಗಂಡನಿಗೆ ಹೇಳಲಿಲ್ಲ.