ಮಾನ್ಯಾ ಶೋಧಿಸಿದ ಬಗೆ

ನಾಟಕದ ವಿಜ್ಞಾನಿಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕೆದರಿದ ಬಿಳಿ ಕೂದಲು, ಕೈಯಲ್ಲಿ ಹೊಗೆಯಾಡುವ ಗಾಜಿನ ಬುಡ್ಡಿ, ಕೊನೆಗೆ ‘ಸಿಕ್ಕಿತು’ ಎಂಬ ಕಿರುಚಾಟ. ನಾನು ದೆಹಲಿಯ ಹೌಜ್ ಖಾಸ್‌ನ ಲ್ಯಾಬೊಂದರಲ್ಲಿ ಹನ್ನೊಂದು ವರ್ಷದಿಂದ ನದಿ ನೀರು ಸೋಸಿ, ಅದರಲ್ಲಿ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಚೂರು ಹುಡುಕುತ್ತಿದ್ದೇನೆ. ಒಮ್ಮೆಯೂ ಕಿರುಚಿಲ್ಲ.

ಆದರೂ ಪಕ್ಕದ ಮುನಿರ್ಕಾದ ಕನ್ನಡ ವಿದ್ಯಾರ್ಥಿಗಳು ನದಿ ನೀರಿನ ವಿಜ್ಞಾನಿಯ ಬಗ್ಗೆ ಆಡುವ ನಾಟಕಕ್ಕೆ ಸಲಹೆ ಕೊಡಲು ಒಪ್ಪಿದ್ದು ಅಮ್ಮನಿಗಾಗಿ. ಮಗಳು ನೀರಿನ ಬೋರ್ಡಿನಲ್ಲಿದ್ದಾಳೆ ಎಂದೇ ಅವಳು ಊರೆಲ್ಲ ಹೇಳಿಕೊಂಡು ಬಂದಿದ್ದಾಳೆ. ಬಿಡಿಸಿ ಹೇಳಲು ಹೋದರೆ ‘ನಮಗೆಲ್ಲಿ ತಿಳಿಯತ್ತೆ ಬಿಡು’ ಎಂದು ಎದ್ದುಬಿಡುತ್ತಾಳೆ. ನನ್ನಲ್ಲಿಗೆ ಬಂದಿದ್ದ ಅವಳಿಗೆ ನಾಟಕದ ಮರುದಿನವೇ ಊರಿಗೆ ರೈಲು. ಈ ನಾಟಕದಲ್ಲೂ ನನ್ನ ಕೆಲಸ ಅವಳಿಗೆ ಕಾಣದಿದ್ದರೆ ಇನ್ನೆಂದೂ ಕಾಣುವುದಿಲ್ಲ ಎಂದು ನನಗೆ ಸಂಕಟವಾಗುತ್ತಿತ್ತು.

ನಾಟಕ ಶುರುವಾಗುವ ಮೊದಲು ಹಾಲ್‌ನವರು ಹೊಗೆ ಯಂತ್ರ ಬೇಡವೆಂದರು. ನಿರ್ದೇಶಕ ಸುದರ್ಶನ್ ತಲೆ ಮೇಲೆ ಕೈ ಹೊತ್ತ. ವಿಜ್ಞಾನಿಯ ಪಾತ್ರ ಮಾಡುವ ಮಾನ್ಯಾಗೆ ನನ್ನೆದುರೇ ಹೇಳಿದ: ‘ಹೊಗೆ ಇಲ್ಲ. ನಾನು ಲೈಟ್ ಆಫ್ ಮಾಡೋವರೆಗೂ ನೀನು ಸುಮ್ನೆ ಶೋಧಿಸ್ತಾ ಇರು.’

‘ಅಚ್ಛಾ, ಠೀಕ್ ಹೈ,’ ಎಂದಳು ಮಾನ್ಯಾ.

ದೆಹಲಿಯಲ್ಲೇ ಹುಟ್ಟಿ ಬೆಳೆದ ಹುಡುಗಿ. ಅವಳಿಗೆ ಬರುವುದು ಅಜ್ಜಿಯ ಅಡುಗೆಮನೆಯ ಕನ್ನಡ. ಆ ಕನ್ನಡದಲ್ಲಿ ಶೋಧಿಸುವುದೆಂದರೆ ಹುಡುಕುವುದಲ್ಲ, ಸೋಸುವುದು.

ರಂಗಕ್ಕೆ ಬಂದವಳೇ ಹೆಗಲ ಮೇಲಿನ ತೆಳು ಬಿಳಿ ದುಪಟ್ಟಾ ತೆಗೆದು ಪಾತ್ರೆಯ ಬಾಯಿಗೆ ಹಿಡಿದಳು. ನದಿ ನೀರೆಂದು ಜಗ್ಗಿನಲ್ಲಿ ತುಂಬಿಟ್ಟಿದ್ದ ಚಹಾವನ್ನು ಅದರ ಮೇಲೆ ಸುರಿದಳು. ಬಟ್ಟೆಯನ್ನು ದೀಪಕ್ಕೆ ಹಿಡಿದು ನೋಡಿದಳು. ಏನೂ ಇಲ್ಲ. ಸೋರಿದ್ದನ್ನು ಜಗ್ಗಿಗೆ ಹಾಕಿ ಮತ್ತೆ ಸುರಿದಳು, ಮತ್ತೆ ನೋಡಿದಳು. ಪರದೆಯ ಸಂದಿಯಲ್ಲಿ ಸುದರ್ಶನ್ ಕೈ ಕೈ ಹಿಸುಕಿಕೊಳ್ಳುತ್ತಿದ್ದ. ಅಮ್ಮನ ಪಕ್ಕದಲ್ಲಿ ನಾನು ಕುರ್ಚಿಯ ತುದಿಗೆ ಬಂದು ಕೂತಿದ್ದೆ. ನನ್ನ ಹನ್ನೊಂದು ವರ್ಷವನ್ನು ಯಾರೋ ಎತ್ತಿ ಬೆಳಕಿನಲ್ಲಿ ಇಟ್ಟಿದ್ದರು. ಅದು ಇಷ್ಟು ಚೆಂದವಿದೆಯೆಂದು ನನಗೇ ಗೊತ್ತಿರಲಿಲ್ಲ.

ಆರನೇ ಸಲವೂ ಬಟ್ಟೆ ಖಾಲಿ. ಮಾನ್ಯಾಳ ಮುಖ ಬಾಡಿತು. ಆಗ ಅಮ್ಮ ಕೂತಲ್ಲಿಂದಲೇ ಹೇಳಿದಳು: ‘ಒಂದು ಪದರ ಸಾಲ್ದು ಮಗು. ಎರಡು ಮಡಿಕೆ ಮಾಡ್ಕೋ.’

ಯಾರೂ ನಗಲಿಲ್ಲ. ಮಾನ್ಯಾ ತಲೆಯಾಡಿಸಿ, ದುಪಟ್ಟಾ ಮಡಿಸಿ ಸುರಿದಳು. ದೀಪಕ್ಕೆ ಹಿಡಿದಾಗ ಚಹಾಪುಡಿಯ ನಾಲ್ಕೇ ನಾಲ್ಕು ಕಪ್ಪು ಕಣಗಳು ಕಂಡವು. ತುಂಬಿದ ಹಾಲ್ ಅವನ್ನೇ ನೋಡುತ್ತಿತ್ತು. ನನ್ನ ಕಣ್ಣು ತುಂಬಿ ಬಂತು. ಆ ಎರಡನೇ ಪದರದ ಉಪಾಯ ನಮ್ಮ ಲ್ಯಾಬಿನವರಿಗೆ ಹೊಳೆಯಲು ಒಂದು ವರ್ಷ ಹಿಡಿದಿತ್ತು.

ದೀಪ ಆರಿತು. ಚಪ್ಪಾಳೆಯ ನಡುವೆ ಅಮ್ಮ ನನ್ನ ಕಡೆ ಬಾಗಿದಳು.

‘ನಿಮ್ಮಲ್ಲಿ ಎಂಥ ಬಟ್ಟೆ ಉಪಯೋಗಿಸ್ತೀರೇ, ಶೈಲು?’

ನನ್ನ ಕೆಲಸದ ಬಗ್ಗೆ ಅವಳು ಕೇಳಿದ ಮೊದಲ ಪ್ರಶ್ನೆ.