ಶಾಕಿರನ ಪಾಲಿನ ಅಕ್ಷರ

ಅರಬ್ಬಿಯ ಸೀನ್ ಅಕ್ಷರದ ಬೋಳು ನೆತ್ತಿಯ ಮೇಲೆ ಮೂರು ಬೇಳೆ ಚುಕ್ಕೆಗಳ ಹಾಗೆ ಕೂತುಬಿಟ್ಟಿವೆ, ಈಗ ಅದು ಸೀನ್ ಅಲ್ಲ, ಶೀನ್, ನನ್ನ ಮಗ ಶಾಕಿರನ ಹೆಸರಿನ ಮೊದಲ ಅಕ್ಷರ ಶೀನ್ — ಹಳೇ ಪೇಪರಿನ ಮೇಲೆ ಚನ್ನಂಗಿ ಬೇಳೆ ಹರವಿಕೊಂಡು ಕಲ್ಲು ಆರಿಸಲು ಕೂತವಳು ಬೇಳೆ ಸರಿಸಿ ಸರಿಸಿ ಕೆಳಗಿನದನ್ನು ಓದುತ್ತಿದ್ದೇನೆ, ಯಾರದೋ ಮದುವೆ, ಎಲ್ಲೋ ಹತ್ತಿಯ ದರ, ಹೀಗಾದರೆ ಅಡುಗೆ ಆದ ಹಾಗೇ, ಆದರೇನು ಮಾಡಲಿ, ಅಕ್ಷರ ಕಂಡರೆ ಕಣ್ಣು ಬಿಡುವುದಿಲ್ಲ, ಈ ಚಟ ಹತ್ತಿದ್ದು ಆ ಕೊನೆಯ ಬೆಂಚಿನಲ್ಲಿ, ಎಷ್ಟು ಮಡಚಿದರೂ ನನ್ನ ಮಂಡಿ ಹಿಡಿಸದ ಆ ಮಕ್ಕಳ ಬೆಂಚು, ಬೆನ್ನಿಗೆ ಕಿಟಕಿಯ ಬಿಸಿಲು, ಪಕ್ಕದಲ್ಲಿ ಶಾಕಿರನ ಬೆಚ್ಚನೆ ತೋಳು, ಅವನ ಚೀಲದಿಂದ ಬರುವ ರೊಟ್ಟಿಯ, ಉಪ್ಪು ಚೀಸಿನ ವಾಸನೆ. ಮಿನ್ಯಾದ ದೊಡ್ಡಾಸ್ಪತ್ರೆಯಲ್ಲಿ ಡೌನ್ ಅಂದಿದ್ದರು, ಎಲ್ಲವನ್ನೂ ನಿಧಾನ ಕಲಿಯುವ ಮಗು, ಅಂಥವರಿಗೆಂದು ನಮ್ಮೂರು ಮಲ್ಲವಿಯಲ್ಲಿ ಬೇರೆ ಶಾಲೆ ಎಲ್ಲಿತ್ತು, ಓಣಿಯ ಶಾಲೆಗೇ ಕೈಹಿಡಿದು ಕರೆದುಕೊಂಡು ಹೋದೆ, ಹೆಡ್‌ಮಾಸ್ಟರ್ ವಹ್ದಾನ್ ಮೇಜಿನಿಂದ ಕತ್ತೆತ್ತದೆ ಹೇಳಿದರು, ನೋಡಮ್ಮ, ಇವನ ಜೊತೆ ಯಾರಾದ್ರೂ ಕೂತ್ಕೊಳ್ಳೋ ಹಾಗಿದ್ರೆ ಸೇರಿಸ್ಕೋತೀನಿ, ಇಲ್ದಿದ್ರೆ ನನ್ನ ಕೈಲಾಗಲ್ಲ — ನಾನೇ ಕೂತ್ಕೋತೀನಿ ಅಂದೆ, ಎಲ್ಲಿಯವರೆಗೆ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ, ವರ್ಷಗಳೇ ಕೂತೆ. ನನ್ನ ಗಂಡ ಮಹ್ರೂಸ್, ಕಬ್ಬಿನ ಲಾರಿಗೆ ಹೊರಡುವ ಮುಂಚೆ ಚಹಾ ಹೀರುತ್ತಾ, ಏನೇ, ಹೋಂವರ್ಕ್ ಮುಗೀತಾ, ಇಲ್ಲ ಇವತ್ತೂ ಟೀಚರ್ ಹತ್ರ ಏಟು ತಿಂತೀಯಾ ಅನ್ನುತ್ತಿದ್ದ, ನಗುತ್ತಲೇ ನನ್ನ ತಲೆವಸ್ತ್ರದ ಮೇಲಿನ ಸೀಮೆಸುಣ್ಣದ ಪುಡಿ ಒರೆಸುತ್ತಿದ್ದ.

ಆ ಮಕ್ಕಳು, ಈಗೆಲ್ಲ ಮೀಸೆ ಬಂದ ಗಂಡಸರು, ಆಗ ಮೂಗು ಸುರಿಸಿಕೊಂಡು ನನ್ನನ್ನು ಚಿಕ್ಕಮ್ಮ ಅನ್ನುತ್ತಿದ್ದರು, ಲೇಸು ಬಿಚ್ಚಿದರೆ ನನ್ನ ಮುಂದೆ ಕಾಲು ಚಾಚುತ್ತಿದ್ದರು, ಮೊದಮೊದಲು ಶಾಕಿರ್ ನಾಲಿಗೆ ಹೊರಚಾಚುವುದನ್ನು ಅಣಕಿಸಿದವರೇ ಆಮೇಲೆ ಆಟಕ್ಕೆ ಅವನನ್ನು ಎಳೆದುಕೊಂಡು ಹೋದರು, ಗೋಲು ಬಿಟ್ಟುಕೊಟ್ಟರೂ ಕುಣಿಯುವ ಗೋಲ್‌ಕೀಪರ್ ಇವನು, ಎಲ್ಲರ ಬಾಯಲ್ಲಿ ಗೋಲಿ, ಆದರೂ ಆ ಕಿಡಿಗೇಡಿ ಗಿರ್ಗಿಸ್ ತನ್ನ ತಂಡಕ್ಕೆ ಇವನನ್ನೇ ಮೊದಲು ಕರೆಯುತ್ತಿದ್ದ. ಇನ್ಸಾಫ್ ಟೀಚರ ಒಡಕು ದನಿ, ಅಲಿಫ್, ಬೇ, ತೇ, ಶಾಕಿರನ ಬೆರಳು ಹಿಡಿದು ಮತ್ತೆ ಮತ್ತೆ ತಿದ್ದಿಸುತ್ತಿದ್ದೆ, ಹಿಡಿದ ಬೆರಳು ಅವನದು, ಅಕ್ಷರ ಏರಿ ಬಂದದ್ದು ಎಂದೂ ಶಾಲೆ ಕಾಣದ ನನ್ನ ತೋಳಿಗೆ, ಯಾವಾಗ ಬಂತೋ ನನಗೇ ಗೊತ್ತಿಲ್ಲ, ಅವನಿಗೆ ಉಳಿದದ್ದು ಶೀನಿನ ಮೂರು ಚುಕ್ಕೆ ಮಾತ್ರ, ಗೋಡೆಗೆ, ಬೆಂಚಿಗೆ, ನನ್ನ ಅಂಗೈಗೆ, ಎಲ್ಲ ಕಡೆ ಮೂರು ಚುಕ್ಕೆ. ಮಿನ್ಯಾದಿಂದ ತಪಾಸಣೆಗೆ ಬಂದ ಆ ಮನುಷ್ಯ, ಇಸ್ತ್ರಿ ಹಾಕಿದ ಕೋಟು, ಇವನೇನಾ ಆ ಹುಡುಗ, ಇಷ್ಟು ವರ್ಷ ಕೂತು ಏನ್ ಕಲ್ತಿದಾನೆ ನೋಡೋಣ, ಬಾರೋ, ಇದನ್ನ ಓದು — ಓದದಿದ್ದರೆ ಹೆಸರು ತೆಗೆಯುತ್ತಾರೆಂದು ಇನ್ಸಾಫ್ ಟೀಚರ್ ಮೊದಲೇ ನನ್ನ ಕಿವಿಯಲ್ಲಿ ಹೇಳಿದ್ದರು, ಶಾಕಿರ್ ಬೋರ್ಡಿನ ಮುಂದೆ ನಿಂತ, ಬಿಳೀ ಅಕ್ಷರಗಳನ್ನು ಎರಡೂ ಅಂಗೈಯಿಂದ ಬೆಕ್ಕಿನ ಮರಿಯನ್ನು ಸವರುವ ಹಾಗೆ ಸವರಿದ, ಇನ್ನೊಮ್ಮೆ ಸವರಿದ, ಆಗ ಯಾರೋ ಓದಿದರು, ನಮ್ಮೂರಿನ ಪಕ್ಕದಲ್ಲಿ ನೈಲ್ ಹರಿಯುತ್ತದೆ, ಗಟ್ಟಿಯಾಗಿ, ಒಂದೂ ತಡವರಿಸದೆ, ಓದಿದ ದನಿ ನನ್ನದು.

ಸರಿ ಹೋಯ್ತು, ಮಗನ ಬದಲು ತಾಯಿ ಪಾಸಾದ್ಲು, ಹುಡುಗನ ಹೆಸರು ತೆಗೀರಿ ಅಂದ ಆ ಮನುಷ್ಯ, ಎಂದೂ ಕತ್ತೆತ್ತದ ವಹ್ದಾನ್ ಆವತ್ತು ಎತ್ತಿದರು, ಇವನಿದ್ರೆ ಈ ಕ್ಲಾಸಲ್ಲಿ ಹೊಡೆದಾಟ ಕಮ್ಮಿ ಸಾರ್, ಇರ್ಲಿ ಬಿಡಿ — ಅಷ್ಟೇ ಮಾತು, ಆರನೆಯ ತರಗತಿಯವರೆಗೂ ಇದ್ದ ನನ್ನ ಮಗ. ಮನೆಯಲ್ಲಿ ಅತ್ತೆ ಮಾತ್ರ ಮುಖ ತಿರುಗಿಸಿಕೊಂಡು, ಮಗನ ಪಾಲಿನ ಅಕ್ಷರಾನೂ ನೀನೇ ತಿಂದ್ಯಲ್ಲೇ ಅಂದಳು, ಅವಳು ಹೋಗಿ ಎಷ್ಟು ಕಾಲವಾಯಿತು, ಆ ಮಾತು ಹೋಗಲಿಲ್ಲ, ಔಷಧಿ ಶೀಶೆಯ ಮೇಲಿನದನ್ನು ಓದುವಾಗ, ಬಸ್ಸಿನ ಬೋರ್ಡು ಓದುವಾಗ ಮತ್ತೆ ಕೇಳಿಸುತ್ತದೆ, ನನ್ನ ಶಾಕಿರನಿಗೆ ಏನು ಸಿಕ್ಕಿತು ಅನ್ನುತ್ತೇನೆ, ಆದರೆ ಇವನ ಜೊತೆ ಬೀದಿಗೆ ಇಳಿದರೆ ಹೆಜ್ಜೆಗೊಬ್ಬರು ಸಲಾಂ, ಬೇಯಿಸಿದ ಅವರೆಯ ಅಂಗಡಿಯಲ್ಲಿ ಪಾತ್ರೆ ತೊಳೆಯುವ ಇವನನ್ನು ಮಾತಾಡಿಸದೆ ಯಾರೂ ತಿಂಡಿ ಕಟ್ಟಿಸಿಕೊಳ್ಳುವುದಿಲ್ಲ, ಕ್ಷೌರದಂಗಡಿ ಇಟ್ಟಿರುವ ಗಿರ್ಗಿಸ್ ಎಷ್ಟೇ ಜನ ಕಾದಿರಲಿ, ಬಾ ಗೋಲಿ, ನೀನು ಮೊದಲು ಅನ್ನುತ್ತಾನೆ, ಸಿಕ್ಕಿತು, ಸಿಕ್ಕಲಿಲ್ಲ, ಗೊತ್ತಿಲ್ಲ, ಬೇಳೆ ಸರಿಸುತ್ತೇನೆ, ಕಣ್ಣಿಗೆ ಅದೇ ಬರುತ್ತದೆ, ದಿನಾ ಅದೇ, ನಾನು ಓದಿ ಮುಗಿಸಿದ ಆ ಗಳಿಗೆ, ಬಾಯಿ ಮುಚ್ಚಿಕೊಂಡು ನೆಲ ನೋಡುತ್ತಿದ್ದೆ, ಅವನು ಬೋರ್ಡಿನಿಂದ ತಿರುಗಿದ, ಎಲ್ಲರಿಗಿಂತ ಮೊದಲು ಅವನೇ, ಮುಖವೆಲ್ಲ ನಗು, ಅಮ್ಮ ಓದಿದ್ಲು, ಅಮ್ಮ ಓದಿದ್ಲು, ಬೆಳ್ಳಗಾದ ಆ ಎರಡು ಕೈ ತಟ್ಟುತ್ತಿದ್ದಾನೆ, ತಟ್ಟಿದಷ್ಟೂ ಪುಡಿ ಏಳುತ್ತದೆ, ಬಿಸಿಲಲ್ಲಿ, ಅವನ ಕೈಗಳ ನಡುವೆ —